ಅವರದು ನೀಲಿ ಗೆರೆ, ನಮ್ಮದು ಟೇಪು

ಮೊನ್ನೆ ಬೆಂಗಳೂರಿನಿಂದ ಫೋನ್ ಮಾಡಿ ಕೇಳಿದೆಯಲ್ಲ, "ಬೆಳಗಾವಿಯಲ್ಲಿ ಮಳೆನೀರಿಗೆ ಯಾವ ರಾಜ್ಯದ ರೂಲ್ಸ್ ಗುರು? ನೀವು ಅರ್ಧ ಮಹಾರಾಷ್ಟ್ರ ಅಲ್ವಾ?" ಅಂತ. ಪೂರ್ತಿ ಕರ್ನಾಟಕ ತಮ್ಮಾ. ಪ್ಲ್ಯಾನ್ ಪಾಸಾಗುವುದೂ ಇಲ್ಲಿನ ಕಾಯ್ದೆಯಲ್ಲೇ. ಮನೆ ಮುಂದಿನದು ಗಟಾರ, ದೊಡ್ಡದು ನಾಲಾ. ನಿಮ್ಮೂರಿನ ಮಳೆನೀರು ಹರಿಯುವ ರಾಜಕಾಲುವೆ ಅನ್ನೋದನ್ನು ಟಿವಿಯಲ್ಲಿ ಕೇಳಿದ್ದೇವೆ, ಅಷ್ಟೇ.

ನಮ್ಮ ಅಕ್ಕ ಇರೋದು ಕೊಲ್ಲಾಪುರದಲ್ಲಿ. ಅಲ್ಲಿ ಪಂಚಗಂಗೆ ನದಿ ಪಕ್ಕ ಸೈಟ್ ನೋಡಿದರೆ ಮೊದಲು ನಕ್ಷೆ ಬಿಚ್ಚುತ್ತಾರೆ. 25 ವರ್ಷಕ್ಕೊಮ್ಮೆ ಬರುವ ಪ್ರವಾಹದ ಮಟ್ಟಕ್ಕೆ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರುವುದಕ್ಕೆ ಕೆಂಪು ಗೆರೆ. ನೀಲಿಯಿಂದ ನದಿ ಕಡೆಗೆ ಹೊಸ ಮನೆ ಇಲ್ಲ. ಎರಡರ ನಡುವೆ ಕಟ್ಟಬೇಕಾದರೆ ಮನೆಯ ನೆಲಮಟ್ಟ ಎತ್ತರಿಸಬೇಕು. ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡ. 2019ರ ಆಗಸ್ಟ್‌ನಲ್ಲಿ ಹೆದ್ದಾರಿ ಮೇಲೇ ನೀರು ನಿಂತು, ಅಕ್ಕನ ಹತ್ತಿರ ಹೋಗೋಕೂ ದಾರಿ ಇರಲಿಲ್ಲ. ಆಮೇಲೆ ಭಾವನದು ಒಂದೇ ಮಾತು: "ನಿಮ್ಮ ಆಲಮಟ್ಟಿ ಡ್ಯಾಮಿನಿಂದಲೇ ನಮಗೆ ನೀರು ನಿಲ್ಲೋದು." ಗೇಟಿನ ಚಾವಿ ನನ್ನ ಕಿಸೆಯಲ್ಲಿದೆ ಅನ್ನೋ ಹಾಗೆ. ಅಲ್ಲಿ ನಾನು ಪಕ್ಕಾ ಕರ್ನಾಟಕದವನು, ನಿನಗೆ ಮಾತ್ರ ಅರ್ಧ!

ಇನ್ನು ನಮ್ಮ ಗೋಳು ಕೇಳು. ನಮ್ಮಲ್ಲಿ ಲೆಕ್ಕ ನಾಲಾದಿಂದ ಎಷ್ಟು ಮೀಟರ್ ಜಾಗ ಬಿಟ್ಟಿದ್ದೀರಿ ಅನ್ನೋದು. ನೀರು ಎಷ್ಟು ಎತ್ತರಕ್ಕೆ ಬರುತ್ತೆ ಅಂತ ಯಾರೂ ಕೇಳಲ್ಲ. ನಿಮ್ಮೂರಲ್ಲೂ ಇದೇ ಜಗಳ ಅಲ್ವಾ? 2016ರಲ್ಲಿ ಹಸಿರು ನ್ಯಾಯಮಂಡಳಿ ರಾಜಕಾಲುವೆಯ ಅಂಚಿನಿಂದ, ಕಾಲುವೆ ದೊಡ್ಡದೋ ಮಧ್ಯಮವೋ ಚಿಕ್ಕದೋ ನೋಡಿ, 50, 35, 25 ಮೀಟರ್ ಬಿಡಿ ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಆದರೆ ನಿಮ್ಮದಕ್ಕೆ ಕಾಂಕ್ರೀಟ್ ಗೋಡೆ ಇದೆ, ಅಂಚು ಕಣ್ಣಿಗೆ ಕಾಣುತ್ತೆ. ನಮ್ಮ ಬಳ್ಳಾರಿ ನಾಲಾ (ಹೆಸರು ಅಷ್ಟೇ, ಬಳ್ಳಾರಿಗೂ ಅದಕ್ಕೂ ಸಂಬಂಧ ಇಲ್ಲ) ಶಹಾಪುರ, ವಡಗಾವಿ, ಯಳ್ಳೂರು ಕಡೆಯ ಭತ್ತದ ಗದ್ದೆಗಳ ನಡುವೆ ಹೋಗುತ್ತೆ. ಮೇ ತಿಂಗಳಲ್ಲಿ ಒಂದೇ ಜಿಗಿತಕ್ಕೆ ದಾಟಬಹುದು. ಜುಲೈಯಲ್ಲಿ ದಾಟೋದು ಬಿಡು, ಎಲ್ಲಿದೆ ಅಂತಲೇ ಗೊತ್ತಾಗಲ್ಲ.

ನಮ್ಮ ಹೊಲದ ಪಕ್ಕದವರು ಸೈಟ್ ಮಾಡಲು ಲಾರಿಗಟ್ಟಲೆ ಗರಸು ಹಾಕಿ ನೆಲ ಏರಿಸಿದರು. ಅವರ ಜಾಗ ಒಣಗಿತು, ಆ ನೀರು ನಮ್ಮ ಬಾಸುಮತಿಗೆ ನುಗ್ಗಿತು. ಕೇಳಿದರೆ, "ದಂಡೆಯಿಂದ ಅಳೆದೇ ಬಿಟ್ಟಿದ್ದೇವೆ, ನೀವೇ ನೋಡಿ" ಅಂದರು. ನೋಡಿದೆವು. ಟೇಪಿನ ಒಂದು ತುದಿ ಹಿಡಿದು ಬದುವಿನ ಮೇಲೆ ನಾನು ನಿಂತೆ. ಇನ್ನೊಂದು ತುದಿ ಹಿಡಿದು ಕಾಕಾ ಲುಂಗಿ ಎತ್ತಿಕಟ್ಟಿಕೊಂಡು ನೀರಿಗಿಳಿದರು.

"ದಂಡೆ ಎಲ್ಲಿ ಕಾಕಾ?" ಅಂದೆ.

ಸೊಂಟದವರೆಗೆ ನೀರಲ್ಲಿ ನಿಂತೇ ದೂರದಲ್ಲಿ ಬರೀ ತಲೆ ಕಾಣುತ್ತಿದ್ದ ಜಾಲಿ ಗಿಡ ತೋರಿಸಿದರು. ಟೇಪು ಅಲ್ಲಿಗೆ ಮುಟ್ಟಲಿಲ್ಲ.