ಸಂಪಾದಕರ ಉತ್ತರ: ಲಾನಿನ ಅಂಚು ಕಡಿಯಲು ಈಗಲೇ ಹೊರಡಬೇಕೇ?

ಓದುಗರ ಪತ್ರ: ಹಿಮ ಕರಗಿ ವಾರವಾಯಿತು. ಲಾನಿನ ಹುಲ್ಲು ಹೂವಿನ ಪಾತಿಯೊಳಗೆ ಒಂದು ಗೇಣು ನುಗ್ಗಿದೆ. ಅಂಚಿಗೆ ಹಾಕಿದ್ದ ಪ್ಲಾಸ್ಟಿಕ್ ಪಟ್ಟಿ ಚಳಿಗಾಲ ಕಳೆಯುವಷ್ಟರಲ್ಲಿ ಮೇಲೆದ್ದು ಬಂದಿದೆ. ಈಗಲೇ ಅಂಚು ಕಡಿಯಬಹುದೇ? ಪಟ್ಟಿಯನ್ನು ಮತ್ತೆ ಹೂಳಲೇ?

ಅಂಚು ಕಡಿಯಿರಿ, ಆದರೆ ಮಣ್ಣು ನೋಡಿಕೊಂಡು. ಹಿಮ ಹೋದ ಮಾತ್ರಕ್ಕೆ ನೆಲ ಸಿದ್ಧವಾಗಿರುವುದಿಲ್ಲ. ಮೇಲಿನ ನಾಲ್ಕು ಬೆರಳು ಮಣ್ಣು ಕರಗಿದ್ದರೂ ಕೆಳಗೆ ಇನ್ನೂ ಹೆಪ್ಪುಗಟ್ಟಿರಬಹುದು. ಆಗ ನೀರು ಇಳಿಯಲು ದಾರಿಯಿಲ್ಲದೆ ಮೇಲೆಯೇ ನಿಲ್ಲುತ್ತದೆ. ಅಂಥ ನೆಲದ ಮೇಲೆ ಓಡಾಡಿದರೆ ಮಣ್ಣು ಒತ್ತಿಹೋಗಿ ಬೇರಿಗೆ ಗಾಳಿ ಸಿಗುವುದಿಲ್ಲ. ಕಡಿದ ಅಂಚೂ ಜರಿದು ಬೀಳುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿ, ಬೆರಳಿನಿಂದ ತಟ್ಟಿ ನೋಡಿ. ಉಂಡೆ ಒಡೆದು ಪುಡಿಯಾದರೆ ಶುರು ಮಾಡಿ. ಅಂಟಂಟಾಗಿದ್ದರೆ ಕಾಯಿರಿ.

ಹಾಗಂತ ಜಾಸ್ತಿ ತಡ ಮಾಡುವುದೂ ಬೇಡ. ಪಾತಿಯ ಗಿಡಗಳು ಇನ್ನೂ ಎದ್ದಿಲ್ಲ, ಗೆರೆ ಚೆನ್ನಾಗಿ ಕಾಣುತ್ತದೆ, ತೇವದ ಮಣ್ಣಿಗೆ ಸಲಿಕೆ ಸಲೀಸಾಗಿ ಇಳಿಯುತ್ತದೆ. ಅಂಚಿನ ಹತ್ತಿರ ಗೆಡ್ಡೆ ಹೂಗಳ ಮೊಳಕೆ ಇದೆಯೇ ಅಂತ ಮಾತ್ರ ಮೊದಲು ಹುಡುಕಿ.

ಇನ್ನು ಆ ಪಟ್ಟಿ. ದಯವಿಟ್ಟು ಅದನ್ನು ಮತ್ತೆ ಹೂಳಬೇಡಿ. ನೀವು ಹಾಕಿದ ರೀತಿ ತಪ್ಪು ಅಂತಲ್ಲ. ಮಣ್ಣು ಹೆಪ್ಪುಗಟ್ಟುವಾಗ ಕೆಳಗಿನ ತೇವವನ್ನು ಎಳೆದುಕೊಂಡು ಮಂಜುಗಡ್ಡೆಯ ಪದರಗಳು ದಪ್ಪವಾಗುತ್ತಾ ಹೋಗುತ್ತವೆ. ಅವು ಮಣ್ಣಿನ ಜೊತೆ ಪಟ್ಟಿಯನ್ನೂ ಅದರ ಮೊಳೆಗಳನ್ನೂ ಎತ್ತುತ್ತವೆ. ಕರಗುವ ಹೊತ್ತಿಗೆ ಅಡಿಯ ಖಾಲಿ ಜಾಗಕ್ಕೆ ಮಣ್ಣು ಜಾರಿರುತ್ತದೆ, ಪಟ್ಟಿ ವಾಪಸ್ ಇಳಿಯುವುದಿಲ್ಲ. ಮುಂದಿನ ಚಳಿಗಾಲದಲ್ಲಿ ಮತ್ತೆ ಅದೇ ಕಥೆ. ಕಿತ್ತು ತೆಗೆಯಿರಿ. ಒಂದು ಮೊಳೆಯನ್ನೂ ಹುಲ್ಲಿನಲ್ಲಿ ಬಿಡಬೇಡಿ, ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಿಗೆ ಸಿಕ್ಕರೆ ಅದು ರಭಸದಿಂದ ಹಾರುತ್ತದೆ.

ಅದರ ಬದಲು ಸುಮ್ನೆ ಒಂದು ಸಣ್ಣ ಕಾಲುವೆ ತೋಡಿ. ಚಳಿ ಪ್ರದೇಶಕ್ಕೆ ಇದಕ್ಕಿಂತ ಒಳ್ಳೆಯ ಅಂಚು ಇಲ್ಲ ಅಂತ ನನ್ನ ಗಟ್ಟಿ ನಂಬಿಕೆ. ನೇರ ಗೆರೆಗೆ ಹಗ್ಗ ಕಟ್ಟಿ, ಬಾಗಿದ ಗೆರೆಗೆ ನೀರಿನ ಪೈಪ್ ಹಾಸಿ. ಅರ್ಧಚಂದ್ರ ಆಕಾರದ ಎಡ್ಜರ್ (ಅಂಚು ಕಡಿಯುವ ಸಲಿಕೆ) ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಚಪ್ಪಟೆ ಸಲಿಕೆಯನ್ನೇ ಚೆನ್ನಾಗಿ ಹರಿತ ಮಾಡಿಕೊಳ್ಳಿ. ಹುಲ್ಲಿನ ಮೇಲೆ ಹಲಗೆ ಹಾಕಿ ಅದರ ಮೇಲೆ ನಿಂತು, 10ರಿಂದ 15 ಸೆಂಟಿಮೀಟರ್ ಆಳಕ್ಕೆ ನೆಟ್ಟಗೆ ಒತ್ತಿ. ಲಾನಿನ ಕಡೆ ಗೋಡೆ ನೇರವಾಗಿರಲಿ, ಪಾತಿಯ ಕಡೆ ಇಳಿಜಾರಾಗಿರಲಿ. ಕೆಂಟಕಿ ಬ್ಲೂಗ್ರಾಸ್‌ನಂಥ ಹುಲ್ಲು ನೆಲದೊಳಗಿನ ಕಾಂಡಗಳ ಮೂಲಕ ಹರಡುತ್ತದೆ. ಕಾಲುವೆ ಇದ್ದರೆ ಆ ಕಾಂಡಗಳು ಹೊರಗೆ ಕಾಣಿಸುತ್ತವೆ, ಬೇಸಿಗೆಯಲ್ಲಿ ಆಗಾಗ ಕತ್ತರಿಯಲ್ಲಿ ಸವರಿದರೆ ಸಾಕು. ಪಾತಿಗೆ ಹೊದಿಸುವ ಎಲೆ, ತೊಗಟೆಯಿಂದ ಕಾಲುವೆ ಮುಚ್ಚಿಹೋದರೆ ಹುಲ್ಲಿಗೆ ಸೇತುವೆ ಕಟ್ಟಿಕೊಟ್ಟ ಹಾಗೆ.

ಕಡಿದು ತೆಗೆದ ಹುಲ್ಲಿನ ಪಟ್ಟಿಗಳನ್ನು ಎಸೆಯಬೇಡಿ. ಹಿಮ ತೆಗೆಯುವಾಗ ಕೆರೆದುಹೋದ ಜಾಗಕ್ಕೆ ಅವನ್ನು ಕೂರಿಸಿ ತುಳಿಯಿರಿ, ಬೇರು ಹಿಡಿಯುವ ತನಕ ತೇವ ಆರದಿರಲಿ. ಮಂಜುಗಡ್ಡೆ ಕರಗಿಸಲು ದಾರಿಗೆ ಹಾಕಿದ ಉಪ್ಪಿನಿಂದ ಸುಟ್ಟ ಜಾಗವಾದರೆ ಮೊದಲು ಧಾರಾಳವಾಗಿ ನೀರು ಹಾಯಿಸಿ ಉಪ್ಪು ಇಳಿಸಬೇಕು. ಉಳಿದದ್ದನ್ನು ಬೋರಲಾಗಿ ಗೊಬ್ಬರದ ರಾಶಿಗೆ ಹಾಕಿ. ಕ್ವ್ಯಾಕ್‌ಗ್ರಾಸ್ ಎಂಬ ಕಳೆಹುಲ್ಲು ಸೇರಿಕೊಂಡ ತುಂಡುಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ಅದರ ಬಿಳಿ ಕಾಂಡದ ಚೂರು ಉಳಿದರೂ ಮತ್ತೆ ಚಿಗುರುತ್ತದೆ.