ಸೋದರಮಾವನೇ ಎದುರು ಪಾಳೆಯಕ್ಕೆ ಹೋದಾಗ

ಪ್ರಶ್ನೆ: ಶಲ್ಯ ಮಾದ್ರಿಯ ಒಡಹುಟ್ಟಿದವನು, ನಕುಲ ಸಹದೇವರ ಸೋದರಮಾವ. ಅಂಥವನು ಕೌರವರ ಕಡೆ ಸೇರಿದ್ದು ಹೇಗೆ? ಆಸೆಗೋ, ಭಯಕ್ಕೋ?
(ಶಿರಸಿಯ ಓದುಗರು)

ಉತ್ತರ: ಎರಡಕ್ಕೂ ಅಲ್ಲ, ಉಪಚಾರಕ್ಕೆ. ಮಹಾಭಾರತದ ಉದ್ಯೋಗಪರ್ವದ ಆರಂಭದಲ್ಲೇ ಈ ಪ್ರಸಂಗವಿದೆ. ಪಾಂಡವರ ದೂತರು ಕರೆದ ಕೂಡಲೇ ಶಲ್ಯ ಮಕ್ಕಳೊಡನೆ ದಂಡು ಕಟ್ಟಿಕೊಂಡು ಮದ್ರದೇಶದಿಂದ ಹೊರಟ. ಅವನದು ಒಂದು ಅಕ್ಷೌಹಿಣಿ: 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಇಂಥ ದಂಡು ಅಲ್ಲಲ್ಲಿ ತಂಗುತ್ತ ನಿಧಾನವಾಗಿಯೇ ಸಾಗಬೇಕು. ದುರ್ಯೋಧನ ಕಣ್ಣಿಟ್ಟದ್ದು ಆ ತಂಗುದಾಣಗಳ ಮೇಲೆ. ಶಿಲ್ಪಿಗಳಿಂದ ದಾರಿಯುದ್ದಕ್ಕೂ ಸಭಾಮಂಟಪ ಕಟ್ಟಿಸಿದ. ಊಟ, ನೀರು, ಹೂಮಾಲೆ ಯಾವುದಕ್ಕೂ ಕೊರತೆಯಾಗದಂತೆ ನೋಡಿಕೊಂಡ.

ಇದೆಲ್ಲ ಧರ್ಮರಾಯನ ಏರ್ಪಾಡೆಂದೇ ಶಲ್ಯ ತಿಳಿದ. ‘ಯುಧಿಷ್ಠಿರನ ಯಾವ ಜನ ಇದನ್ನು ಕಟ್ಟಿದರು, ಕರೆತನ್ನಿ, ಬಹುಮಾನ ಕೊಡಬೇಕು’ ಎಂದ. ಮರೆಯಲ್ಲಿದ್ದ ದುರ್ಯೋಧನ ಎದುರಿಗೆ ಬಂದ. ಶಲ್ಯ ಅವನನ್ನು ಅಪ್ಪಿಕೊಂಡು ‘ಬೇಕಾದ್ದು ಕೇಳು’ ಎಂದುಬಿಟ್ಟ. ‘ನನ್ನ ಸೇನೆಯ ನಾಯಕನಾಗು’ ಎಂದು ಅವನು ಕೇಳಿದ. ಕೊಟ್ಟ ಮಾತಿಗೆ ಶಲ್ಯ ಕಟ್ಟುಬಿದ್ದ.

ಪಾಂಡವರು ಎಡವಿದ್ದು ಎಲ್ಲಿ? ದೂತರನ್ನು ಕಳಿಸಿದ್ದರು, ಆದರೆ ದಾರಿಯಲ್ಲಿ ಮಾವನನ್ನು ಎದುರುಗೊಳ್ಳಲು ಯಾರನ್ನೂ ಕಳಿಸಿದ ಮಾತು ಕಥೆಯಲ್ಲಿ ಬರುವುದಿಲ್ಲ. ಮಾವನಲ್ಲವೇ, ಬಂದೇ ಬರುತ್ತಾನೆ ಎಂದು ನಂಟಸ್ತಿಕೆಯ ಮೇಲೆ ಭಾರ ಹಾಕಿ ಕೂತಂತೆ ಕಾಣುತ್ತದೆ. ಶಲ್ಯನದು ದ್ರೋಹವೆನ್ನಲು ನನಗೆ ಮನಸ್ಸು ಬಾರದು. ಯಾರ ಅನ್ನವೆಂದು ವಿಚಾರಿಸದೆ ಉಂಡದ್ದು, ಏನು ಕೇಳುತ್ತಾರೆಂದು ತಿಳಿಯದೆ ಮಾತು ಕೊಟ್ಟದ್ದು, ಇವೇ ಅವನ ತಪ್ಪುಗಳು.

ಪ್ರಶ್ನೆ: ಸುದ್ದಿ ತಿಳಿದ ಮೇಲೆ ಧರ್ಮರಾಯ ಏನು ಮಾಡಿದ? ನಂಬಿದವರು ಕೈಕೊಟ್ಟಾಗ ಸಂಬಂಧ ಕಡಿದುಕೊಳ್ಳುವುದೇ ಸರಿಯಲ್ಲವೇ?
(ಹಾಸನದ ಓದುಗರು)

ಉತ್ತರ: ಶಲ್ಯ ತಲೆಮರೆಸಿಕೊಳ್ಳಲಿಲ್ಲ ಎಂಬುದನ್ನು ಮೊದಲು ಗಮನಿಸಿ. ಪಾಂಡವರು ಬೀಡುಬಿಟ್ಟಿದ್ದ ಉಪಪ್ಲವ್ಯಕ್ಕೆ ತಾನೇ ಬಂದು ನಡೆದದ್ದನ್ನೆಲ್ಲ ಹೇಳಿದ. ಧರ್ಮರಾಯನೂ ಹಂಗಿಸಲಿಲ್ಲ, ಮಾತು ಮುರಿದು ಬಾ ಎನ್ನಲೂ ಇಲ್ಲ. ಆ ಮಾತಿಗೆ ಭಂಗ ಬಾರದಂತೆ ಮಾವನಿಂದ ಏನಾದೀತು ಎಂದು ಯೋಚಿಸಿದ. ಕರ್ಣಾರ್ಜುನರು ಎದುರಾದಾಗ ಕರ್ಣನ ಸಾರಥ್ಯ ನಿನಗೇ ಬರುತ್ತದೆ. ಆಗ ಅರ್ಜುನನನ್ನು ಕಾಪಾಡು, ಕರ್ಣನ ತೇಜಸ್ಸು ಕುಂದುವಂತೆ ಮಾತಾಡು ಎಂದ. ‘ಇದು ಮಾಡಬಾರದ ಕೆಲಸ, ಆದರೂ ಮಾಡು’ ಎಂದು ಬಾಯಿಬಿಟ್ಟೇ ಹೇಳಿದ. ಇದನ್ನು ಧರ್ಮವೆಂದು ಸಮರ್ಥಿಸಲು ಹೋಗಬೇಡಿ. ಕೇಳಿದವನೇ ಹಾಗೆ ಸಮರ್ಥಿಸಿಕೊಳ್ಳಲಿಲ್ಲ. ಮುನಿಸಿಗೆ ಎಡೆಗೊಡದೆ ಅವನು ಮಾತುಕತೆ ಉಳಿಸಿಕೊಂಡನಲ್ಲ, ಕಲಿಯುವುದಿದ್ದರೆ ಅದನ್ನು.

ಯುದ್ಧದ 17ನೆಯ ದಿನ ಅದು ನಡೆಯಿತು. ತಾಳಮದ್ದಳೆಯಲ್ಲಿ ‘ಶಲ್ಯ ಸಾರಥ್ಯ’ ಕೇಳಿದವರಿಗೆ ಆ ಮಾತಿನ ಜಟಾಪಟಿ ಗೊತ್ತೇ ಇದೆ. ಮನಸ್ಸಿಗೆ ಬಂದದ್ದನ್ನು ಆಡುತ್ತೇನೆ, ಅದನ್ನು ಸಹಿಸಬೇಕು ಎಂಬ ಷರತ್ತಿನ ಮೇಲೇ ಶಲ್ಯ ಲಗಾಮು ಹಿಡಿದ. ಎಂಜಲುಂಡು ಕೊಬ್ಬಿದ ಕಾಗೆ ಹಂಸದೊಡನೆ ಹಾರಲು ಹೋಗಿ ಸಮುದ್ರಕ್ಕೆ ಬಿದ್ದ ಕಥೆ ಹೇಳಿ ಕರ್ಣನನ್ನು ಕೆಣಕಿದ. ಆದರೆ ಶಲ್ಯನಿಂದ ಪಾಂಡವರಿಗೆ ಸಿಕ್ಕ ನೆರವು ಅಷ್ಟಕ್ಕೇ ನಿಂತಿತು. ಮರುದಿನ ಅವನೇ ಕೌರವ ಸೇನಾಪತಿಯಾಗಿ ಎದುರು ನಿಂತ; ಧರ್ಮರಾಯನೇ ಶಕ್ತ್ಯಾಯುಧದಿಂದ ಅವನನ್ನು ಕೊಲ್ಲಬೇಕಾಯಿತು.

ಪ್ರಶ್ನೆ: ತಾನಾಗಿ ಬಂದ ನೆರವನ್ನು ಪಾಂಡವರು ಬೇಡವೆಂದದ್ದೂ ಉಂಟೇ?
(ಪುಣೆಯ ಕನ್ನಡಿಗ ಓದುಗರು)

ಉತ್ತರ: ಉಂಟು. ರುಕ್ಮಿಣಿಯ ಅಣ್ಣ ರುಕ್ಮಿ ಒಂದು ಅಕ್ಷೌಹಿಣಿಯೊಡನೆ ಪಾಳೆಯಕ್ಕೆ ಬಂದು, ‘ಹೆದರಿದ್ದರೆ ಹೇಳು, ನಾನಿದ್ದೇನೆ’ ಎಂದು ಅರ್ಜುನನಿಗೆ ಎಲ್ಲರೆದುರು ಅಂದ. ಅರ್ಜುನ ನಕ್ಕ. ಖಾಂಡವದಲ್ಲಿ, ನಿವಾತಕವಚರೆಂಬ ದಾನವರೆದುರು, ವಿರಾಟನಗರದಲ್ಲಿ ಯಾರ ನೆರವಿತ್ತು ಎಂದು ಕೇಳಿ, ‘ಇರುವುದಾದರೆ ಇರು, ಹೋಗುವುದಾದರೆ ಹೋಗು’ ಎಂದ. ಪಾಂಡವರಲ್ಲಿದ್ದದ್ದು 7 ಅಕ್ಷೌಹಿಣಿ, ಎದುರಿಗಿದ್ದದ್ದು 11. ಆದರೂ ಹಂಗಿನ ಎಂಟನೆಯದು ಅವರಿಗೆ ಬೇಡವಾಯಿತು. ರುಕ್ಮಿ ಅಲ್ಲಿಂದ ದುರ್ಯೋಧನನ ಬಳಿಗೆ ಹೋಗಿ ಅದೇ ಮಾತಾಡಿದ. ಅವನೂ ಬೇಡವೆಂದ.