ಎಲ್ಲರೂ ಒಟ್ಟಿಗೆ ಓದಬೇಕು ಅನ್ನೋದಾದರೆ ವಿಶೇಷ ಶಾಲೆ ಯಾಕೆ ಬಂತು?

"ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಓದಬೇಕು ಅಂತ ಈಗ ಹೇಳುತ್ತಾರೆ. ಹಾಗಾದರೆ ಹಿಂದಿನವರು ಅಂಗವೈಕಲ್ಯ ಇರುವ ಮಕ್ಕಳಿಗೆ ಬೇರೆ ಶಾಲೆ ಮಾಡಿದ್ದು ತಪ್ಪಲ್ವಾ?" ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಬಿಐಇಆರ್‌ಟಿ. ಅಂದರೆ ಸರ್ಕಾರಿ ಶಾಲೆಗಳಿಗೆ ಹೋಗಿ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕಿ. ಕೆಲಸ ಸಮನ್ವಯ ಶಿಕ್ಷಣದ್ದೇ, ಅಂದರೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕಲಿಸುವುದೇ. ಆದರೂ ತಪ್ಪು ಅನ್ನಲು ನನಗೆ ಮನಸ್ಸಿಲ್ಲ.

ಆಗ ಈ ಮಕ್ಕಳಿಗೆ ಶಾಲೆಯೇ ಇರಲಿಲ್ಲ. 1760ರ ಸುಮಾರಿಗೆ ಪ್ಯಾರಿಸ್‌ನ ಪಾದ್ರಿ ಲೆಪೆ ಕಿವುಡ ಮಕ್ಕಳಿಗೆ ಸನ್ನೆಯಲ್ಲೇ ಪಾಠ ಹೇಳಲು ಶುರು ಮಾಡಿದರು. ಆಮೇಲೆ ಅದೇ ಊರಲ್ಲಿ ಅಂಧ ಮಕ್ಕಳ ಶಾಲೆಯೂ ಬಂತು. ಲೂಯಿ ಬ್ರೈಲ್ ಓದಿದ್ದು ಅಲ್ಲೇ, 1824ರ ಹೊತ್ತಿಗೆ, ಇನ್ನೂ ಹುಡುಗನಾಗಿದ್ದಾಗಲೇ, ಅಂಧರು ಬೆರಳಲ್ಲಿ ಮುಟ್ಟಿ ಓದುವ ಆರು ಚುಕ್ಕಿಯ ಲಿಪಿ ಕಟ್ಟಿದ್ದೂ ಅಲ್ಲೇ. ಅವನು ಒಬ್ಬನೇ ಹಳ್ಳಿ ಶಾಲೆಯ ಮೂಲೆಯಲ್ಲಿ ಕೂತಿದ್ದರೆ ಆ ಲಿಪಿ ಹುಟ್ಟುತ್ತಿತ್ತಾ? ನನಗಂತೂ ಅನುಮಾನ.

ಎಡವಟ್ಟುಗಳೂ ಆದವು. 1880ರಲ್ಲಿ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಸಮ್ಮೇಳನ ನಡೆಯಿತು. ಸೇರಿದವರಲ್ಲಿ ಬಹುತೇಕರು ಕಿವಿ ಕೇಳುವವರೇ! ಸನ್ನೆ ಬೇಡ, ಬಾಯಿಮಾತಲ್ಲೇ ಕಲಿಸಿ ಅಂತ ತೀರ್ಮಾನ ಮಾಡಿಬಿಟ್ಟರು. ಅದರ ಪೆಟ್ಟು ಕಿವುಡ ಮಕ್ಕಳಿಗೆ ನೂರು ವರ್ಷ ಬಿತ್ತು.

ನಮ್ಮ ದೇಶದಲ್ಲಿ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ ಅಂಗವೈಕಲ್ಯ ಇರುವವರಿಗಾಗಿ ಕೆಲಸ ಮಾಡುವ ಎಪಿಡಿ ಸಂಸ್ಥೆ 1959ರದ್ದು, ರಮಣ ಮಹರ್ಷಿ ಅಂಧರ ಅಕಾಡೆಮಿ 1969ರದ್ದು. ಇಂಥ ಕಡೆ ಕಲಿತು ಕೆಲಸಕ್ಕೆ ಸೇರಿದವರು ಈ ಊರಲ್ಲಿ ಸುಮಾರು ಜನ ಇದ್ದಾರೆ.

ಈ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರ ಸರ್ಕಾರದ ಯೋಜನೆ ಬಂದದ್ದು 1974ರಲ್ಲಿ. ಆದರೆ ಮಗುವೇ ಶಾಲೆಗೆ ಹೊಂದಿಕೊಳ್ಳಬೇಕಿತ್ತು. ಶಾಲೆ ಮಗುವಿಗೆ ಹೊಂದಿಕೊಳ್ಳಲಿ ಅನ್ನುವ ಮಾತಿಗೆ ಜೋರು ಬಂದದ್ದು 1994ರಲ್ಲಿ ಸ್ಪೇನ್‌ನ ಸಲಮಾಂಕಾದಲ್ಲಿ ನಡೆದ ಯುನೆಸ್ಕೋ ಸಮ್ಮೇಳನದ ಘೋಷಣೆಯಿಂದ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಳ್ಳೆಯ ಕೆಲಸ ಮಾಡಿದೆ. ವೈಕಲ್ಯ ಶೇ. 40 ಅಥವಾ ಜಾಸ್ತಿ ಇದ್ದರೆ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು.

ಆದರೆ ಸೇರಿಸಿಕೊಂಡ ಮಾತ್ರಕ್ಕೆ ಕಲಿಕೆ ಆಗಲ್ಲ. ಸನ್ನೆ ಬಾರದ ಟೀಚರು, ಎದುರಿಗೆ ಕಿವಿ ಕೇಳದ ಹುಡುಗಿ. ಹಾಜರಿ ಪೂರ್ತಿ ಇರುತ್ತದೆ, ಪುಸ್ತಕದಲ್ಲಿ ಬೋರ್ಡ್ ನೋಡಿ ಬರೆದ ಅಂದದ ಅಕ್ಷರ ಇರುತ್ತದೆ, ಅರ್ಥ ಮಾತ್ರ ಗೊತ್ತಿರಲ್ಲ. ಇದನ್ನು ನಾನು ಒಂದಲ್ಲ, ಹಲವು ಶಾಲೆಗಳಲ್ಲಿ ನೋಡಿದ್ದೇನೆ. ನಡೆಯಲು ಕಷ್ಟ ಇರುವ ಮಗುವಿಗೆ ರ‍್ಯಾಂಪ್, ಶೌಚಾಲಯ ಸರಿ ಇದ್ದರೆ ಪಕ್ಕದ ಶಾಲೆಯೇ ಸಾಕು. ಕಿವುಡ ಮಗುವಿಗೆ ಮೊದಲ ಕೆಲವು ವರ್ಷ ಸನ್ನೆ ಗೊತ್ತಿರುವ ಗೆಳೆಯರು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ನಿಮ್ಮ ಮನೆಯ ಮಗುವಿಗಾಗಿ ಕೇಳಿದ್ದರೆ, ನಿಮ್ಮ ಬಿಇಒ ಕಚೇರಿಯಲ್ಲಿ ಬಿಐಇಆರ್‌ಟಿ ಯಾರು ಅಂತ ವಿಚಾರಿಸಿ, ಎರಡೂ ಬಗೆಯ ಶಾಲೆಯಲ್ಲಿ ಪಾಠ ನಡೆಯುವಾಗಲೇ ಕೂತು ನೋಡಿ ಬನ್ನಿ.